ಮೊದಲು ಉಳ್ಕೋಬೇಕು, ಆಮೇಲೆ ಗೆಲ್ಲೋದು: ಗ್ರೇಹೌಂಡ್ ಡರ್ಬಿ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಯಾರೋ ಒಬ್ರು ಜಗತ್ತಲ್ಲಿ ಅತೀ ವೇಗವಾಗಿ ಓಡೋ ನಾಯಿ ಯಾವುದು ಅಂತ ಕೇಳಿದ್ರು. ನಾನು ಗ್ರೇಹೌಂಡ್ ಅಂತ ಹೇಳಿ ಸುಮ್ನಿರೋದು ಬಿಟ್ಟು ಕೊನೇಲಿ ಇಂಗ್ಲಿಷ್ ಗ್ರೇಹೌಂಡ್ ಡರ್ಬಿ (ಇಂಗ್ಲೆಂಡಿನ ಅತೀ ದೊಡ್ಡ ನಾಯಿ ರೇಸ್) ಅಂತ ಒಂದು ಮಾತು ಸೇರಿಸಿಬಿಟ್ಟೆ, ಅಷ್ಟಕ್ಕೇ ಈ ಸಲದ ಇನ್‌ಬಾಕ್ಸ್ ತುಂಬ ನಾಯಿಗಳೇ. ಕೆಲವು ಪ್ರಶ್ನೆ ಒಂದೇ ಥರ ಇದ್ವು, ಅವನ್ನ ಒಟ್ಟು ಮಾಡಿದೀನಿ. ರೇಸ್ ಅಂದ್ರೇ ಆಗದವರು ಸೀದಾ ಕೊನೇ ಹತ್ತಿರ ಇರೋ ಉಡುಪಿಯವರ ಪ್ರಶ್ನೆಗೆ ಹೋಗಬಹುದು, ಬೇಜಾರೇನಿಲ್ಲ.

ಪ್ರಶ್ನೆ: ಮಗಳು ಅಳಿಯ ಮಿಲ್ಟನ್ ಕೀನ್ಸ್‌ನಲ್ಲಿದ್ದಾರೆ. ನಾವು ಮೇ ತಿಂಗಳಲ್ಲಿ ಹೋಗಿದ್ದಾಗ ಅಳಿಯಂದಿರು ಹತ್ತಿರದ ಟೋಸ್ಟರ್ ಅನ್ನೋ ಊರಿಗೆ ನಾಯಿ ರೇಸ್ ತೋರಿಸೋಕೆ ಕರ್ಕೊಂಡು ಹೋಗಿದ್ರು. ಮೂರನೇ ಬಂದ ನಾಯಿಯ ಓನರ್ ಗೆದ್ದವನಿಗಿಂತ ಜೋರಾಗಿ ಕುಣೀತಿದ್ದ. ಸೋತು ಕುಣಿಯೋದು ಯಾಕೆ? ಫೈನಲ್‌ಗೆ ಯಾರು ಹೋಗ್ತಾರೆ ಅಂತ ಹೇಗೆ ಗೊತ್ತಾಗುತ್ತೆ? (ಮೈಸೂರಿನಿಂದ, ನಿವೃತ್ತ ಬ್ಯಾಂಕ್ ಉದ್ಯೋಗಿ)

ಸಾರ್, ಮೇ ತಿಂಗಳು ಅಂತ ಬರೆದಿದ್ದೀರಿ, ಅಂದ್ರೆ ನೀವು ನೋಡಿದ್ದು ಡರ್ಬಿಯ ಶುರುವಿನ ರೌಂಡೇ ಇರಬೇಕು, ಆ ಮನುಷ್ಯ ಕುಣಿದಿದ್ದೂ ಸರಿಯಾಗೇ ಇದೆ. ಯಾಕಂದ್ರೆ ಫೈನಲ್ ಬರೋವರೆಗೂ ಇಲ್ಲಿ ಗೆಲ್ಲಲೇಬೇಕು ಅಂತೇನಿಲ್ಲ, ಮೊದಲ ಮೂರರಲ್ಲಿ ಬಂದ್ರೆ ಸಾಕು. ಒಂದು ಹೀಟ್‌ನಲ್ಲಿ (ರೌಂಡಿನ ಒಂದೊಂದು ಓಟಕ್ಕೆ ಹಾಗಂತಾರೆ) ಆರು ನಾಯಿ, ಮೂರು ಮುಂದಿನ ರೌಂಡಿಗೆ, ಮೂರು ಮನೆಗೆ, ಅಷ್ಟೇ. ಈ ಲೆಕ್ಕ ಹಿಂದಿನಿಂದ ನೋಡಿದ್ರೆ ಚೆನ್ನಾಗಿ ಅರ್ಥ ಆಗುತ್ತೆ: ಫೈನಲ್‌ಗೆ 6 ನಾಯಿ, ಅವು ಎರಡು ಸೆಮಿಫೈನಲ್‌ನ 12ರಿಂದ ಬಂದವು, ಆ 12 ನಾಲ್ಕು ಕ್ವಾರ್ಟರ್ ಫೈನಲ್‌ನ 24ರಿಂದ, ಅದಕ್ಕೂ ಹಿಂದೆ 48, ಅದಕ್ಕೂ ಹಿಂದೆ 96, ಎಂಟ್ರಿ ಪೂರ್ತಿ ತುಂಬಿದ್ರೆ ಮೊದಲ ರೌಂಡಲ್ಲಿ 192. ಎಂಟ್ರಿ ಕಮ್ಮಿ ಬಂದ ವರ್ಷ ಲೆಕ್ಕ ಸ್ವಲ್ಪ ಹಿಂದೆಮುಂದೆ ಮಾಡ್ಕೋತಾರೆ, ಆದ್ರೆ ಕೊನೇ ಮೆಟ್ಟಿಲುಗಳು ಇವೇ.

ಟೋಸ್ಟರ್‌ನಲ್ಲಿ ದೂರ 500 ಮೀಟರ್, ಒಳ್ಳೇ ನಾಯಿ ಅದನ್ನ ಹೆಚ್ಚುಕಮ್ಮಿ 29 ಸೆಕೆಂಡಲ್ಲಿ ಮುಗಿಸುತ್ತೆ. ಆರು ರೌಂಡು ಸೇರಿಸಿದ್ರೂ ಒಟ್ಟು ಓಟ ಮೂರು ನಿಮಿಷ ಆಗಲ್ಲ. ಆ ಮೂರು ನಿಮಿಷಕ್ಕೆ ಐದಾರು ವಾರ ನಾಯಿಯನ್ನ ಒಂದೇ ಹದದಲ್ಲಿ ಇಟ್ಕೋಬೇಕು, ಟ್ರೈನರ್‌ಗಳಿಗೆ ನಿದ್ದೆ ಕೆಡೋದು ಅಲ್ಲೇ. ಪ್ರತೀ ರೇಸಿಗೆ ಮೊದಲು ತೂಕ ಮಾಡ್ತಾರೆ, ಹಿಂದಿನ ರೇಸಿನ ತೂಕಕ್ಕಿಂತ ಒಂದು ಕೆಜಿಗಿಂತ ಜಾಸ್ತಿ ಹೆಚ್ಚುಕಮ್ಮಿ ಇದ್ರೆ ಆವತ್ತು ಓಡಿಸೋ ಹಾಗಿಲ್ಲ. ಮೂವತ್ತು ಮೂವತ್ತೈದು ಕೆಜಿ ಪ್ರಾಣಿಗೆ ಒಂದು ಕೆಜಿ ಅಂದ್ರೆ ಏನು ಮಹಾ ಅನ್ಸುತ್ತೆ, ಆದ್ರೆ ಸೆಖೆಗೆ ಎರಡು ದಿನ ಸರಿಯಾಗಿ ತಿನ್ನದಿದ್ರೆ ಅಷ್ಟು ಇಳಿದೇ ಹೋಗುತ್ತೆ. ಆಮೇಲೆ ವೆಟ್ ಬಂದು ಕಾಲು ಹಿಡಿದು, ಬೆರಳು ಬಿಡಿಸಿ, ನಡೆಸಿ ನೋಡ್ತಾರೆ, ಸ್ವಲ್ಪ ಕುಂಟಿದ್ರೂ ಆಚೆ. ಮೂತ್ರದ ಸ್ಯಾಂಪಲ್ ತಗೊಂಡು ಡ್ರಗ್ ಟೆಸ್ಟ್ ಬೇರೆ. ಹಾಗಾಗಿ ಮೊದಲ ರೌಂಡಲ್ಲಿ ಭಾರೀ ಟೈಮ್ ಮಾಡಿ ಹೆಸರು ಮಾಡಿದ ನಾಯಿ ಮೂರನೇ ವಾರಕ್ಕೆ ಕಾಣಿಸೋದೇ ಇಲ್ಲ, ಇದು ಪ್ರತೀ ವರ್ಷದ ಕಥೆ.

ಐರ್ಲೆಂಡಿನವರಂತೂ ಇದಕ್ಕೋಸ್ಕರ ಸಮುದ್ರ ದಾಟಿ ನಾಯಿ ಕರ್ಕೊಂಡು ಬರ್ತಾರೆ. 2022ರಲ್ಲಿ ಗೆದ್ದ ರೋಮಿಯೋ ಮ್ಯಾಜಿಕೋ, 2023ರಲ್ಲಿ ಗೆದ್ದ ಗೇಟೈಮ್ ನೀಮೋ, ಎರಡೂ ಐರ್ಲೆಂಡಿನ ಟ್ರೈನರ್ ಗ್ರಹಾಂ ಹಾಲೆಂಡ್ ಅವರ ಹತ್ರ ತಯಾರಾದವು. 2024ರ ಡಿ ಲಾಡಿಡಾ ಕೂಡ ಅಲ್ಲಿಯದೇ, ಕೆರ್ರಿ ಕಡೆಯ ಲಿಯಾಮ್ ಡೌಲಿಂಗ್ ಅವರದು. ಗೆದ್ದವರಿಗೆ ಇತ್ತೀಚಿನ ವರ್ಷಗಳಲ್ಲಿ 1,75,000 ಪೌಂಡ್, ನಮ್ಮ ದುಡ್ಡಲ್ಲಿ ಎರಡು ಕೋಟಿ ಹತ್ತಿರ. ಆ ಲೆಕ್ಕದಲ್ಲಿ ಮೂರನೇ ಬಂದವನು ಇನ್ನೂ ಆಟದಲ್ಲಿದ್ದಾನೆ ಅಂದ್ರೆ ಕುಣೀದೆ ಇನ್ನೇನ್ ಮಾಡ್ತಾನೆ ಹೇಳಿ.

ಪ್ರಶ್ನೆ: ಇಷ್ಟೆಲ್ಲಾ ರೌಂಡ್ ಯಾಕೆ? ಎಲ್ಲಾ ನಾಯೀನೂ ಒಂದೊಂದೇ ಓಡಿಸಿ, ಸ್ಟಾಪ್‌ವಾಚ್ ಹಿಡಿದು, ಟೈಮ್ ಕಮ್ಮಿ ಇರೋ ಆರನ್ನ ಸೀದಾ ಫೈನಲ್‌ಗೆ ಹಾಕಬಹುದಲ್ವಾ? (ಹಾಸನದಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ)

ಎಂಜಿನಿಯರ್ ತಲೆ ಅಂದ್ರೆ ಹೀಗೇ ಇರಬೇಕಪ್ಪಾ. ಆದ್ರೆ ನೀನು ಹೇಳೋ ಥರ ಮಾಡಿದ್ರೆ ಗೊತ್ತಾಗೋದು ಖಾಲಿ ಟ್ರಾಕಿನಲ್ಲಿ ಯಾವ ನಾಯಿ ಚೆನ್ನಾಗಿ ಓಡುತ್ತೆ ಅಂತ ಮಾತ್ರ. ಆರು ನಾಯಿ ಒಟ್ಟಿಗೆ ಬಾಕ್ಸಿನಿಂದ ಹಾರಿ ಗಂಟೆಗೆ ಅರವತ್ತು ಕಿಲೋಮೀಟರ್ ಸ್ಪೀಡಲ್ಲಿ ಒಂದೇ ತಿರುವಿಗೆ ನುಗ್ಗಿದಾಗ ಏನಾಗುತ್ತೆ ಅನ್ನೋದು ಸ್ಟಾಪ್‌ವಾಚಿಗೆ ಗೊತ್ತಾಗಲ್ಲ. ಡರ್ಬಿ ಪೂರ್ತಿ ನಿಂತಿರೋದೇ ಆ ಮೊದಲನೇ ತಿರುವಿನ ಮೇಲೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಬಾಕ್ಸುಗಳಿಗೆ ಅವರು ಟ್ರ್ಯಾಪ್ ಅಂತಾರೆ, ಒಂದರಿಂದ ಆರು, ಒಂದನೇದು ಒಳಗಡೆ ರೇಲಿಂಗ್ ಪಕ್ಕ. ಪ್ರತಿಯೊಂದಕ್ಕೂ ಜಾಕೆಟ್ ಬಣ್ಣ ಫಿಕ್ಸು: ಕೆಂಪು, ನೀಲಿ, ಬಿಳಿ, ಕಪ್ಪು, ಕಿತ್ತಳೆ, ಆರನೇದಕ್ಕೆ ಕಪ್ಪುಬಿಳಿ ಪಟ್ಟೆ. ಓಡೋದು ಎಡಕ್ಕೆ ತಿರುಗ್ತಾ. ನಾಯಿಗಳಿಗೆ ತಮ್ಮದೇ ಚಾಳಿ ಇರುತ್ತೆ, ಕೆಲವಕ್ಕೆ ರೇಲಿಂಗ್ ಉಜ್ಜಿಕೊಂಡೇ ಓಡಬೇಕು, ಕೆಲವು ನಡುವೆ, ಇನ್ನು ಕೆಲವು ಎಷ್ಟು ಜಾಗ ಇದ್ರೂ ಹೊರಗಡೆಗೇ ಅಗಲವಾಗಿ ಹೋಗ್ತವೆ, ಹೇಳಿಕೊಟ್ಟು ಬಿಡಿಸೋಕಾಗಲ್ಲ. ಅದಕ್ಕೇ ಡ್ರಾ ಮಾಡುವಾಗ ಹೊರಗೆ ಓಡೋವಕ್ಕೆ ಹೊರಗಿನ ಟ್ರ್ಯಾಪ್, ಒಳಗಿನವಕ್ಕೆ ಒಳಗಿನದು ಅಂತ ಗುಂಪು ಮಾಡಿ ಚೀಟಿ ಎತ್ತುತ್ತಾರೆ. ಈಗ ಸೆಮಿಫೈನಲ್‌ಗೆ ರೇಲಿಂಗ್ ಬೇಕು ಅನ್ನೋ ನಾಯಿಗಳೇ ನಾಲ್ಕು ಬಂದ್ವು ಅನ್ಕೋ, ರೇಲಿಂಗ್ ಪಕ್ಕ ಇರೋ ಟ್ರ್ಯಾಪ್ ಒಂದೇ, ಹಾಗಾಗಿ ಒಂದು ನಾಲ್ಕನೇ ಟ್ರ್ಯಾಪ್‌ನಲ್ಲಿ ನಿಲ್ಲಬೇಕಾಗುತ್ತೆ. ಬಾಗಿಲು ಎದ್ದ ತಕ್ಷಣ ಅದು ಅಭ್ಯಾಸದ ಪ್ರಕಾರ ಎಡಕ್ಕೆ ಕತ್ತರಿಸುತ್ತೆ, ಮೂರನೇದರ ಭುಜಕ್ಕೆ ಗುದ್ದುತ್ತೆ, ಮೂರನೇದು ಎರಡನೇದರ ಮೇಲೆ, ಅಷ್ಟರಲ್ಲಿ ಆರನೇ ಟ್ರ್ಯಾಪಿನ ಪಟ್ಟೆ ಜಾಕೆಟ್ಟು ಯಾರ ಗೊಡವೇನೂ ಇಲ್ದೆ ಹೊರಗಿಂದ ಸುತ್ತಿಕೊಂಡು ಮೂರು ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ನಾಯಿಯ ಉದ್ದ) ಮುಂದೆ ಹೋಗಿರುತ್ತೆ. ಶುರುವಾಗಿ ಐದಾರು ಸೆಕೆಂಡಿಗೆ ಕಥೆ ಮುಗೀತು. ಡ್ರಾ ಬಂದ ದಿನ ಟ್ರೈನರ್‌ಗಳ ಮುಖ ನೋಡಿದ್ರೆ ಅರ್ಧ ರಿಸಲ್ಟ್ ಗೊತ್ತಾಗುತ್ತೆ ಅನ್ನೋದು ಇದಕ್ಕೇ.

ಟೈಮ್‌ಗೆ ಬೆಲೆನೇ ಇಲ್ಲ ಅಂತಲ್ಲ, ಸೆಕೆಂಡಿನ ನೂರನೇ ಭಾಗದವರೆಗೂ ಅಳೀತಾರೆ, ಒಂದು ಲೆಂಗ್ತ್ ಅಂದ್ರೆ 0.08 ಸೆಕೆಂಡ್ ಅಂತ ಲೆಕ್ಕ. ಆವತ್ತು ಮರಳು ಒದ್ದೆ ಇತ್ತಾ ಒಣಗಿತ್ತಾ ಅಂತ ನೋಡಿ ಟೈಮ್ ಸರಿಹೊಂದಿಸ್ತಾರೆ ಕೂಡ. ಆದ್ರೆ ಆರೂ ರೌಂಡು ಬೇರೆ ಬೇರೆ ಟ್ರ್ಯಾಪಿನಿಂದ, ಬೇರೆ ಬೇರೆ ಜೊತೆಗಾರರ ನಡುವೆ ದಾರಿ ಹುಡುಕೋ ನಾಯಿ ಯಾವುದು ಅನ್ನೋದೇ ಡರ್ಬಿ ಕೇಳೋ ಪ್ರಶ್ನೆ. ವೆಸ್ಟ್‌ಮೀಡ್ ಹಾಕ್ ಅಂತ ಒಂದಿತ್ತು, ಟ್ರೈನರ್ ನಿಕ್ ಸಾವಾ ಅವರದು, ಟ್ರ್ಯಾಪಿನಿಂದ ಹೊರಗೆ ಬರೋದರಲ್ಲಿ ಭಾರೀ ಸೋಮಾರಿ, ಮೊದಲ ತಿರುವಲ್ಲಿ ಹಿಂದೆ ಎಲ್ಲೋ ಇರೋದು. ಮುಂದಿನವು ಒಂದಕ್ಕೊಂದು ಗುದ್ದಾಡ್ಕೊಂಡು ಮುಗಿಸಿದ ಮೇಲೆ ಇದು ಒಂದೊಂದನ್ನೇ ದಾಟ್ಕೊಂಡು ಬರೋದು. 2005ರಲ್ಲಿ ಗೆಲ್ತು, 2006ರಲ್ಲಿ ಮತ್ತೆ ಅದೇ ಥರ ಬಂದು ಗೆಲ್ತು. ನಿನ್ನ ಸ್ಟಾಪ್‌ವಾಚ್ ಮೊದಲ ನೂರು ಮೀಟರ್ ಟೈಮ್ ನೋಡಿದ್ರೆ ಅದನ್ನ ಮನೆಗೆ ಕಳಿಸಿಬಿಡ್ತಿತ್ತು. ಇದಕ್ಕೆ ಉಲ್ಟಾ ಉದಾಹರಣೆನೂ ಇದೆ, ಬ್ಯಾಲಿರೀಗನ್ ಬಾಬ್ ಅನ್ನೋ ನಾಯಿ 1986ಕ್ಕೆ ಸತತ 32 ರೇಸ್ ಗೆದ್ದು ವಿಶ್ವ ದಾಖಲೆ ಮಾಡ್ತು, ಆದ್ರೆ ಅದರ ಹೆಸರಲ್ಲಿ ಡರ್ಬಿ ಇಲ್ಲ.

ಪ್ರಶ್ನೆ: ಇದು ಯಾವಾಗ ಶುರುವಾಗಿದ್ದು? ರಾಜರ ಕಾಲದ ಆಟವಾ? (ಬೆಂಗಳೂರು, ಜಯನಗರದಿಂದ)

ಅಷ್ಟು ಹಳೇದಲ್ಲ ಮೇಡಂ. ಬಯಲಲ್ಲಿ ಮೊಲದ ಹಿಂದೆ ನಾಯಿ ಬಿಡೋದು ಹಳೇದು, ಆದ್ರೆ ದುಂಡಗಿನ ಟ್ರಾಕಿನಲ್ಲಿ ಯಂತ್ರದ ಮೊಲದ ಹಿಂದೆ ಓಡಿಸೋದು ಅಮೆರಿಕದ ಓವನ್ ಸ್ಮಿತ್ ಅನ್ನೋರ ಐಡಿಯಾ, ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ 1919ರ ಸುಮಾರಿಗೆ. ಅದು ಇಂಗ್ಲೆಂಡಿಗೆ ಬಂದಿದ್ದು 1926ರ ಜುಲೈ 24ಕ್ಕೆ, ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ. ಮೊದಲ ದಿನ ಬಂದಿದ್ದು ಸಾವಿರದ ಏಳ್ನೂರು ಜನ ಅಷ್ಟೇ, ಆದ್ರೆ ಮಾರನೇ ವರ್ಷಕ್ಕೇ ಲಂಡನ್ನಿನ ವೈಟ್ ಸಿಟಿ ಸ್ಟೇಡಿಯಂನಲ್ಲಿ ಡರ್ಬಿ ಶುರುವಾಗಿಬಿಡ್ತು, 1908ರ ಒಲಿಂಪಿಕ್ಸ್‌ಗೆ ಕಟ್ಟಿದ ಜಾಗ ಅದು. 1927ರ ಮೊದಲ ಡರ್ಬಿ ಗೆದ್ದಿದ್ದು ಎಂಟ್ರಿ ಬ್ಯಾಡ್ಜ್. ಕುದುರೆ ರೇಸಿಗೆ ಹೋಗ್ಬೇಕಂದ್ರೆ ಹಗಲು ಹೊತ್ತಲ್ಲಿ ರಜ ಹಾಕ್ಬೇಕು, ಊರಾಚೆ ಹೋಗ್ಬೇಕು. ನಾಯಿ ರೇಸ್ ಹಾಗಲ್ಲ, ಫ್ಯಾಕ್ಟರಿ ಬಿಟ್ಟ ಮೇಲೆ ಸಂಜೆ, ಊರೊಳಗೇ, ಲೈಟ್ ಹಾಕ್ಕೊಂಡು. ಕೆಲಸಗಾರ ಜನ ಮುಗಿಬಿದ್ದಿದ್ದು ಅದಕ್ಕೇ. 1939ರ ಫೈನಲ್‌ಗೆ 92 ಸಾವಿರ ಜನ ಸೇರಿದ್ರು ಅಂತ ದಾಖಲೆ ಇದೆ, ಯುದ್ಧ ಶುರುವಾಗೋಕೆ ಎರಡು ಮೂರು ತಿಂಗಳು ಮೊದಲು.

ಎಷ್ಟು ಜೋರಿತ್ತು ಅನ್ನೋದಕ್ಕೆ ಒಂದು ಮಾತು ಹೇಳಲೇಬೇಕು. 1966ರ ಫುಟ್‌ಬಾಲ್ ವರ್ಲ್ಡ್ ಕಪ್ ಇಂಗ್ಲೆಂಡಿನಲ್ಲೇ ನಡೀತು ನೋಡಿ, ಆವಾಗ ಉರುಗ್ವೆ–ಫ್ರಾನ್ಸ್ ಮ್ಯಾಚು ವೆಂಬ್ಲಿ ಬಿಟ್ಟು ವೈಟ್ ಸಿಟಿಯಲ್ಲಿ ಆಡಿಸಬೇಕಾಯ್ತು, ಯಾಕಂದ್ರೆ ಆವತ್ತು ಶುಕ್ರವಾರ, ವೆಂಬ್ಲಿಯಲ್ಲಿ ಮಾಮೂಲಿ ನಾಯಿ ರೇಸ್ ಇತ್ತು, ಅದನ್ನ ಕ್ಯಾನ್ಸಲ್ ಮಾಡಲ್ಲ ಅಂದ್ಬಿಟ್ರು. ವರ್ಲ್ಡ್ ಕಪ್ಪನ್ನೇ ನಾಯಿಗಳು ಪಕ್ಕಕ್ಕೆ ಸರಿಸಿದ್ವು!

ಆಮೇಲೆ ಇಳೀತಾ ಬಂತು. ವೈಟ್ ಸಿಟಿ 1984ಕ್ಕೆ ಮುಚ್ಚಿತು, ಅಲ್ಲಿ ಬಿಬಿಸಿ ಕಟ್ಟಡ ಬಂತು. ಡರ್ಬಿ ವಿಂಬಲ್ಡನ್‌ಗೆ ಹೋಯ್ತು, ಟೆನ್ನಿಸ್ ಕೋರ್ಟಿಗಲ್ಲ ಮತ್ತೆ, ಅಲ್ಲಿಯ ನಾಯಿ ಸ್ಟೇಡಿಯಂಗೆ, 1985ರಿಂದ 2016ರವರೆಗೂ ಅಲ್ಲೇ. ಅದೂ ಮುಚ್ಚಿ ಈಗ ಫುಟ್‌ಬಾಲ್ ಮೈದಾನ ಆಗಿದೆ. 2017ಕ್ಕೆ ಟೋಸ್ಟರ್, 2018ರಲ್ಲಿ ಟೋಸ್ಟರ್ ಕಂಪನಿ ದಿವಾಳಿ ಅಂಚಿಗೆ ಬಂದು ಎರಡು ವರ್ಷ ನಾಟಿಂಗ್‌ಹ್ಯಾಮ್, 2021ರಿಂದ ಹೊಸ ಮ್ಯಾನೇಜ್‌ಮೆಂಟಲ್ಲಿ ಮತ್ತೆ ಟೋಸ್ಟರ್. ಲಂಡನ್ನಿಗೆ ಕಿರೀಟ ಇದ್ದ ಹಾಗಿದ್ದ ರೇಸು ಈಗ ಹಳ್ಳಿ ಕಡೆ ಹಳೇ ಕುದುರೆ ರೇಸ್ ಮೈದಾನದ ಒಳಗೆ ನಡೀತಿದೆ.

ಪ್ರಶ್ನೆ: ಡರ್ಬಿ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಾಯಿ ಯಾವುದು? (ಶಿವಮೊಗ್ಗದಿಂದ)

ಎರಡು ಸಲ ಗೆದ್ದವು ನಾಲ್ಕು: ಮಿಕ್ ದಿ ಮಿಲ್ಲರ್ 1929, 1930, ಪೆಟ್ರೀಷಿಯಾಸ್ ಹೋಪ್ 1972, 1973, ರ್‍ಯಾಪಿಡ್ ರೇಂಜರ್ 2000, 2001, ಮೇಲೆ ಹೇಳಿದ ವೆಸ್ಟ್‌ಮೀಡ್ ಹಾಕ್. ಮೂರು ಸಲ ಯಾವುದೂ ಗೆದ್ದಿಲ್ಲ. ಪೆಟ್ರೀಷಿಯಾಸ್ ಹೋಪ್‌ದು ಮಜಾ ಇದೆ, ಮೊದಲನೇದು ಗೆದ್ದ ಮೇಲೆ ರಿಟೈರ್ ಮಾಡಿಸಿ ಮರಿ ಹಾಕಿಸೋಕೆ ಬಿಟ್ಟಿದ್ರು, ಆಮೇಲೆ ವಾಪಸ್ ತಂದು ಓಡಿಸಿದ್ರು, ಮತ್ತೆ ಗೆಲ್ತು! ಆದ್ರೆ ನನ್ನ ವೋಟು ಮಿಕ್‌ಗೇ.

ಮಿಕ್ ಐರ್ಲೆಂಡಿನ ಕಿಲ್ಲೀ ಅನ್ನೋ ಹಳ್ಳಿಯ ಪಾದ್ರಿ ಫಾದರ್ ಬ್ರಾಫಿ ಅವರ ಮನೆ ನಾಯಿ, ಹುಟ್ಟಿದ್ದು 1926. ಮರಿಯಿದ್ದಾಗ ಡಿಸ್ಟೆಂಪರ್ ಅನ್ನೋ ನಾಯಿ ಕಾಯಿಲೆ ಬಂದು ಸಾಯೋದೊಂದು ಬಾಕಿ. 1929ರಲ್ಲಿ ಡರ್ಬಿಗೆ ಅಂತ ಲಂಡನ್ನಿಗೆ ತಂದ್ರು, ಮೊದಲ ಹೀಟ್ ಓಡಿದ್ದು ನೋಡಿ ಜನ ದಂಗಾಗಿ ಆವತ್ತೇ ವ್ಯಾಪಾರಕ್ಕೆ ಇಳಿದ್ರು, 800 ಗಿನಿಗೆ (ಒಂದು ಗಿನಿ ಅಂದ್ರೆ ಒಂದು ಪೌಂಡಿಗಿಂತ ಚೂರು ಜಾಸ್ತಿ) ಮಾರಾಟ ಆಯ್ತು. ಆ ಡರ್ಬಿಯಲ್ಲೇ 525 ಗಜವನ್ನ 30 ಸೆಕೆಂಡಿನೊಳಗೆ ಓಡಿದ ಮೊದಲ ನಾಯಿ ಅನ್ನಿಸ್ಕೊಂಡಿತು. ಆಗ ಫೈನಲ್‌ನಲ್ಲಿ ಓಡಿದ್ದು ನಾಲ್ಕೇ ನಾಯಿ. ಮೊದಲ ತಿರುವಲ್ಲಿ ಡಿಕ್ಕಿ ಆಗಿ ಮಿಕ್ ಸಿಕ್ಕಾಕ್ಕೊಂಡು ಹಿಂದೆ ಬಿತ್ತು, ಬೇರೆ ನಾಯಿ ಮುಂದೆ ಬಂತು, ಆದ್ರೆ ಜಡ್ಜುಗಳು ಈ ರೇಸ್ ಲೆಕ್ಕಕ್ಕಿಲ್ಲ, ಮತ್ತೆ ಓಡಿಸಿ ಅಂದ್ರು. ಎರಡನೇ ಸಲ ಮಿಕ್ ಆರಾಮಾಗಿ ಗೆಲ್ತು. 1930ರಲ್ಲಿ ಮತ್ತೆ ಗೆಲ್ತು. 1931ರಲ್ಲಿ ಮೂರನೇ ಫೈನಲ್, ವಯಸ್ಸು ಐದು ಹತ್ತಿರ, ಎಲ್ಲರೂ ಮುದುಕ ಆಯ್ತು ಅಂದ್ಕೊಂಡಿದ್ರು, ಆದ್ರೂ ಮಿಕ್ಕೇ ಮೊದಲು ಗೆರೆ ದಾಟಿತು, ಸ್ಟೇಡಿಯಂ ಹುಚ್ಚೆದ್ದು ಹೋಯ್ತು. ಅಷ್ಟರಲ್ಲಿ ಹಾರ್ನ್. ಹಿಂದೆ ಒಂದು ನಾಯಿ ಇನ್ನೊಂದರ ಜೊತೆ ಜಗಳಕ್ಕೆ ಬಿದ್ದಿತ್ತು ಅಂತ ಈ ರೇಸೂ ಲೆಕ್ಕಕ್ಕಿಲ್ಲ. ಜನ ಬೊಬ್ಬೆ ಹೊಡೆದ್ರು, ಮಾಲೀಕರು ಮತ್ತೆ ಓಡಿಸಲ್ಲ ಅಂತ ಹಿಂದೇಟು ಹಾಕಿದ್ರು, ಕೊನೆಗೂ ಓಡಿಸಿದ್ರು. ಸುಸ್ತಾಗಿದ್ದ ಮಿಕ್ ನಾಲ್ಕನೇದಾಯ್ತು, ಸೆಲ್ಡಮ್ ಲೆಡ್ ಅನ್ನೋ ನಾಯಿಗೆ ಡರ್ಬಿ ಹೋಯ್ತು. ಯಾವ ರೂಲ್ 1929ರಲ್ಲಿ ಕೊಟ್ಟಿತೋ ಅದೇ ರೂಲ್ 1931ರಲ್ಲಿ ಕಿತ್ಕೊಂಡಿತು, ಹಾಗಾಗಿ ಅನ್ಯಾಯ ಅಂತ ಬಾಯಿಬಿಟ್ಟು ಹೇಳೋಕೂ ಆಗಲ್ಲ, ಹೇಳದೇ ಇರೋಕೂ ಆಗಲ್ಲ. ಈಗ ಡಿಕ್ಕಿ ಆದ್ರೆ ರೇಸ್ ನಿಲ್ಲಿಸಲ್ಲ, ಬಿದ್ದವರ ಹಣೆಬರಹ. ಮಿಕ್ 1939ರಲ್ಲಿ ಸತ್ತ ಮೇಲೆ ಒಳಗೆ ತುಂಬಿಸಿ ಟ್ರಿಂಗ್ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಗಾಜಿನ ಹಿಂದೆ ಇವತ್ತಿಗೂ ನಿಂತಿದೆ.

ಪ್ರಶ್ನೆ: ಹೆಣ್ಣು ನಾಯಿಗಳೂ ಇದರಲ್ಲಿ ಓಡ್ತವಾ, ಇಲ್ಲ ಅಲ್ಲೂ ಬೇರೆ ಲೇಡೀಸ್ ಕ್ಯೂನಾ? (ತುಮಕೂರಿನಿಂದ)

ಒಂದೇ ಕ್ಯೂ, ಒಂದೇ ರೇಸ್. ಆದ್ರೆ ಗೆದ್ದವು ತೀರಾ ಕಮ್ಮಿ, ಗ್ರೆಟಾ ರಾನೀ 1935ರಲ್ಲಿ, ನ್ಯಾರೋಗರ್ ಆನ್ 1949ರಲ್ಲಿ, ಡೊಲೊರೆಸ್ ರಾಕೆಟ್ 1971ರಲ್ಲಿ, ಸಾರಾಸ್ ಬನ್ನಿ 1979ರಲ್ಲಿ. ಆಮೇಲೆ ಯಾವ ಹೆಣ್ಣೂ ಗೆದ್ದಿಲ್ಲ. ಗಂಡು ನಾಯಿ ಮೈಕಟ್ಟಲ್ಲಿ ದೊಡ್ಡದು ಅನ್ನೋದೊಂದು, ಗುದ್ದಾಟದಲ್ಲಿ ಅದು ಲೆಕ್ಕಕ್ಕೆ ಬರುತ್ತೆ. ಇನ್ನೊಂದು, ಹೆಣ್ಣು ಬೆದೆಗೆ ಬಂದ್ರೆ ವಾರಗಟ್ಟಲೆ ಓಡಿಸೋ ಹಾಗಿಲ್ಲ, ಆಮೇಲೆ ಮೈ ಹದಕ್ಕೆ ಬರೋಕೂ ತಿಂಗಳುಗಳು ಬೇಕು, ಅದು ಸರಿಯಾಗಿ ಡರ್ಬಿ ಟೈಮಿಗೆ ಬಂದ್ರೆ ಆ ವರ್ಷ ಹೋಯ್ತು. ನಾಯಿಯ ಒಳ್ಳೇ ವಯಸ್ಸು ಇರೋದೇ ಎರಡು ವರ್ಷ.

ಪ್ರಶ್ನೆ: ಮೊಲ ನಿಜವಾದದ್ದಾ? ಹಿಡಿದ್ರೆ ಏನಾಗುತ್ತೆ? (ಐದನೇ ಕ್ಲಾಸಿನ ಓದುಗ, ಕೋಲಾರ)

ನಿಜವಾದದ್ದಲ್ಲ ಪುಟ್ಟಾ. ಬಟ್ಟೆ ಬೊಂಬೆ, ಹಳಿ ಮೇಲೆ ಮೋಟರ್‌ನಲ್ಲಿ ಓಡುತ್ತೆ. ಮೇಲೆ ರೂಮಿನಲ್ಲಿ ಒಬ್ಬರು ಕೂತು ನಾಯಿಗಳಿಗೆ ಸಿಗಬಾರದು, ಆದ್ರೆ ಆಸೆನೂ ಬಿಟ್ಟು ಹೋಗಬಾರದು ಅನ್ನೋ ದೂರದಲ್ಲಿ ಅದನ್ನ ಓಡಿಸ್ತಾ ಇರ್ತಾರೆ. ಮೋಟರ್ ಕೆಟ್ಟು ಮೊಲ ನಿಂತ್ರೆ ರೇಸ್ ಕ್ಯಾನ್ಸಲ್.

ಪ್ರಶ್ನೆ: ನಮ್ಮ ಕಡೆ ನಾಯಿ ಅಂದ್ರ ಮುಧೋಳ ನಾಯಿನ ನೋಡ್ರಿ. ನಮ್ಮ ಮನ್ಯಾಗ ಎರಡ ಅದಾವ, ಹೊಲದಾಗ ಬಿಟ್ಟರ ಕಣ್ಣಿಗೆ ಕಾಣಂಗಿಲ್ಲ, ಅಷ್ಟು ಓಡ್ತಾವ. ಇವನ್ನ ಆ ಡರ್ಬಿಗೆ ಒಯ್ದರ ನಡೀತದೇನ್ರಿ? (ಮುಧೋಳ ತಾಲ್ಲೂಕಿನಿಂದ)

ನಿಮ್ಮ ಪತ್ರ ಓದಿ ಖುಷಿಯಾಯ್ತು ರೀ. ಆದ್ರೆ ನಡೆಯಲ್ಲ. ಅಲ್ಲಿ ಓಡೋಕೆ ಗ್ರೇಹೌಂಡೇ ಆಗಿರಬೇಕು, ಅದೂ ಅಪ್ಪ ಅಮ್ಮನ ಹೆಸರು ಸಮೇತ ವಂಶದ ಪುಸ್ತಕದಲ್ಲಿ ನೋಂದಣಿ ಆಗಿರಬೇಕು, ಕಿವಿಯೊಳಗೆ ಹಚ್ಚೆ, ಮೈಯಲ್ಲಿ ಗುರುತಿನ ಮೈಕ್ರೋಚಿಪ್, ವಯಸ್ಸು ಕನಿಷ್ಠ 15 ತಿಂಗಳು. ರೇಸಿಗೆ ಮೊದಲು ಕಿವಿ ಮಡಚಿ ಹಚ್ಚೆ ಓದಿ, ಪುಸ್ತಕದ ಜೊತೆ ತಾಳೆ ನೋಡಿಯೇ ಒಳಗೆ ಬಿಡೋದು.

ನೋಂದಣಿ ಮಾತು ಬಿಡಿ, ಬಿಟ್ಟರೂ ಆ ಆಟ ನಿಮ್ಮ ನಾಯಿದಲ್ಲ. ಎರಡೂ ಕಣ್ಣಿಂದ ಬೇಟೆ ಹಿಡಿಯೋ ಜಾತಿನೇ, ಆದ್ರೆ ಗ್ರೇಹೌಂಡನ್ನ ತಲೆತಲಾಂತರದಿಂದ ಅರ್ಧ ನಿಮಿಷದ ಸ್ಫೋಟಕ್ಕೆ ಅಂತಲೇ ಸಾಕಿ ಆರಿಸಿದ್ದಾರೆ, ತೊಡೆ ನೋಡಿದ್ರೆ ಗೊತ್ತಾಗುತ್ತೆ. ಮುಧೋಳ ನಾಯಿ ತೆಳು ಮೈಯಿನದು, ಬಿಸಿಲಲ್ಲಿ, ಕಲ್ಲು ನೆಲದಲ್ಲಿ, ದೂರ ಓಡೋಕೆ ಹೇಳಿ ಮಾಡಿಸಿದ್ದು. 500 ಮೀಟರಲ್ಲಿ ಗ್ರೇಹೌಂಡ್ ಗೆಲ್ಲುತ್ತೆ, ಮೇ ತಿಂಗಳ ಮಧ್ಯಾಹ್ನ ಬಾಗಲಕೋಟೆ ಹೊಲದಲ್ಲಿ ಮೂರು ಮೈಲಿ ಇಟ್ಟರೆ ನಾನು ದುಡ್ಡು ಕಟ್ಟೋದು ನಿಮ್ಮ ನಾಯಿ ಮೇಲೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಸ್ಟಾಂಪು ತಂದಾಗ ಮುಧೋಳದ್ದೂ ಇತ್ತು, ಸೈನ್ಯದವರೂ ತಗೊಂಡು ಹೋಗಿ ಮೀರತ್‌ನಲ್ಲಿ ಟ್ರೈನಿಂಗ್ ಕೊಟ್ರು. ಮರಿ ಕೊಳ್ಳೋರು ನಿಮ್ಮ ಊರ ಹತ್ತಿರ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದ್ರೆ ಕಲಬೆರಕೆಗೆ ಮೋಸ ಹೋಗೋದು ತಪ್ಪುತ್ತೆ. ಇದನ್ನ ನಿಮಗಲ್ಲ, ಬೆಂಗಳೂರಿನವರಿಗೆ ಹೇಳ್ತಿದೀನಿ.

ಪ್ರಶ್ನೆ: ಮೊಬೈಲಲ್ಲಿ ಯಾವುದೋ ಆ್ಯಪ್‌ನಲ್ಲಿ ಈ ರೇಸಿಗೆ ಬೆಟ್ ಕಟ್ಟಬಹುದಂತೆ, ಹೌದಾ? (ಹೆಸರು ಬೇಡ ಅಂದಿದ್ದಾರೆ)

ಬೇಡ. ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳಿಗೆ 2025ರ ಕೇಂದ್ರದ ಕಾನೂನಲ್ಲಿ ನಿಷೇಧ ಇದೆ, ಇಂಥ ಆ್ಯಪುಗಳು ಹೊರದೇಶದಿಂದ ಕದ್ದುಮುಚ್ಚಿ ನಡೆಯೋವು, ದುಡ್ಡು ಹೋದ್ರೆ ಕೇಳೋಕೆ ಕೌಂಟರೂ ಇರಲ್ಲ. ಮೊದಲ ತಿರುವಿನ ಬಗ್ಗೆ ಮೇಲೆ ಬರೆದಿದ್ದು ಇನ್ನೊಂದು ಸಲ ಓದಿ, ಅಲ್ಲೇ ಹುಟ್ಟಿ ಬೆಳೆದ ಟ್ರೈನರ್‌ಗಳಿಗೇ ಗೊತ್ತಾಗಲ್ಲ.

ಪ್ರಶ್ನೆ: ಇದನ್ನೆಲ್ಲ ಕ್ರೀಡೆ ಅಂತ ಬರೆಯೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ? ಕಾಲು ಮುರಿದ ನಾಯಿಗಳು ಎಲ್ಲಿಗೆ ಹೋಗ್ತವೆ ಅಂತ ಯಾಕೆ ಹೇಳಲ್ಲ? (ಉಡುಪಿಯಿಂದ)

ಹೇಳ್ತೀನಿ ಮೇಡಂ, ಮುಚ್ಚಿಡೋ ಉದ್ದೇಶ ಇಲ್ಲ. ಬ್ರಿಟನ್ನಿನ ಗ್ರೇಹೌಂಡ್ ಬೋರ್ಡ್ ತಾನೇ ವರ್ಷಕ್ಕೊಂದು ಲೆಕ್ಕ ಹೊರಗೆ ಹಾಕುತ್ತೆ, 2024ರಲ್ಲಿ ಟ್ರಾಕಿನಲ್ಲೇ ಸತ್ತ ನಾಯಿ 123, ಗಾಯ ಆಗಿದ್ದು 3,800ಕ್ಕೂ ಜಾಸ್ತಿ ಸಲ. ವರ್ಷಕ್ಕೆ ಮೂರೂವರೆ ಲಕ್ಷ ಓಟದಲ್ಲಿ ಇಷ್ಟೇ, ಶೇಕಡಾ ಲೆಕ್ಕದಲ್ಲಿ ಬಹಳ ಕಮ್ಮಿ ಅಂತ ಬೋರ್ಡಿನವರ ಸಮರ್ಥನೆ. ಬೆಟ್ಟಿಂಗ್ ನಡೀಲಿ ಅಂತ ವರ್ಷಕ್ಕೆ ಮೂರೂವರೆ ಲಕ್ಷ ಸಲ ಓಡಿಸಬೇಕಾ ಅಂತ ವಿರೋಧಿಗಳ ವಾದ. ನನಗೆ ಎರಡನೇ ಮಾತು ಜಾಸ್ತಿ ತಟ್ಟುತ್ತೆ. ತಿರುವಲ್ಲಿ ಭಾರ ಬಿದ್ದು ಹಿಂಗಾಲಿನ ಕೀಲು ಮುರಿಯೋದು ದೊಡ್ಡ ಗಾಯಗಳಲ್ಲಿ ಮಾಮೂಲಿ, ಅಂದ್ರೆ ನಾನು ಇಷ್ಟು ಹೊತ್ತು ಹೊಗಳಿದ ಆ ಮೊದಲ ತಿರುವೇ ಅಪರಾಧಿ. ಈಗ ಕಾಲು ಮುರಿದ್ರೆ ಆಪರೇಷನ್ ಖರ್ಚಿಗೆ ಸಹಾಯ ಮಾಡೋ ಸ್ಕೀಮ್ 2018ರ ಕೊನೆಯಿಂದ ಇದೆ, ಓನರ್ ದುಡ್ಡಿಲ್ಲ ಅಂತ ನಾಯಿ ಸಾಯಿಸೋದು ಅದರಿಂದ ಕಮ್ಮಿಯಾಯ್ತು.

ಹಿಂದೆ ಇನ್ನೂ ಕೆಟ್ಟದಿತ್ತು. 2006ರಲ್ಲಿ ಇಂಗ್ಲೆಂಡಿನ ಉತ್ತರದ ಸೀಹ್ಯಾಮ್‌ನಲ್ಲಿ ಒಬ್ಬ ತನ್ನ ಜಮೀನಿನಲ್ಲಿ ರೇಸಿಗೆ ಬೇಡವಾದ ನಾಯಿಗಳನ್ನ ತಲೆಗೆ ಇಷ್ಟು ಅಂತ ದುಡ್ಡು ತಗೊಂಡು ವರ್ಷಗಟ್ಟಲೆ ಕೊಂದು ಹೂತಿದ್ದ ಅಂತ ಪತ್ರಿಕೆಯಲ್ಲಿ ಬಂತು, ಹತ್ತು ಸಾವಿರ ಅಂತ ಅಂದಾಜು. ದೇಶವೇ ಬೆಚ್ಚಿಬಿತ್ತು. ಅಲ್ಲಿಂದ ಈಚೆಗೆ ರಿಟೈರ್ ಆದ ನಾಯಿಗೆ ಮನೆ ಹುಡುಕೋದು ಜೋರಾಯ್ತು, ಸಾವಿರಾರು ನಾಯಿ ದತ್ತು ಹೋಗ್ತವೆ. ನಾಲ್ಕೈದು ವರ್ಷಕ್ಕೆ ರೇಸ್ ಮುಗಿದ ನಾಯಿ ಇನ್ನೂ ಏಳೆಂಟು ವರ್ಷ ಬದುಕುತ್ತೆ, ಸಾಕಿದವರು ಹೇಳೋ ಪ್ರಕಾರ ಹೊತ್ತೂ ಗೊತ್ತೂ ಇಲ್ದೆ ಸೋಫಾ ಮೇಲೆ ನಿದ್ದೆ ಹೊಡೆಯೋದೇ ಅದರ ಕೆಲಸ. ಆದ್ರೂ ಗಾಳಿ ಬೇರೆ ಕಡೆ ಬೀಸ್ತಿದೆ. ಅಮೆರಿಕದ ಫ್ಲೋರಿಡಾ 2018ರಲ್ಲಿ ಜನರ ವೋಟಿಗೆ ಹಾಕಿ ನಿಲ್ಲಿಸ್ತು, ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸ್ತೀವಿ ಅಂದ್ರು, ವೇಲ್ಸ್ ಸರ್ಕಾರ 2025ರ ಫೆಬ್ರವರಿಯಲ್ಲಿ ಅದೇ ಮಾತು ಹೇಳ್ತು. ವೇಲ್ಸ್‌ನಲ್ಲಿ ಇದ್ದಿದ್ದು ಒಂದೇ ಟ್ರಾಕು, ಆದ್ರೆ ಪಕ್ಕದ ಮನೇಲಿ ನಿಂತ್ರೆ ಇಂಗ್ಲೆಂಡಿಗೂ ಪ್ರಶ್ನೆ ಬಂದೇ ಬರುತ್ತೆ. ಡರ್ಬಿ ನೂರು ವರ್ಷ ಮುಟ್ಟುತ್ತೆ, ಇನ್ನೊಂದು ನೂರು ನಡೆಯುತ್ತೆ ಅಂತ ನನಗಂತೂ ಅನ್ಸಲ್ಲ.

ಪ್ರಶ್ನೆ: ಬರೋ ಬೇಸಿಗೇಲಿ ಅಣ್ಣನ ಮನೆಗೆ ನಾರ್ಥಾಂಪ್ಟನ್‌ಗೆ ಹೋಗ್ತಿದೀನಿ. ಒಂದೇ ದಿನ ನೋಡೋಕಾಗೋದು ಅಂದ್ರೆ ಫೈನಲ್‌ಗೇ ಹೋಗಲಾ? (ದಾವಣಗೆರೆಯಿಂದ)

ಫೈನಲ್ ಬೇಡ, ಸೆಮಿಫೈನಲ್ ಅಥವಾ ಅದರ ಹಿಂದಿನ ಕ್ವಾರ್ಟರ್ ಫೈನಲ್ ರಾತ್ರಿ ಹೋಗಿ. ಫೈನಲ್ ದಿನ ರಶ್ ಜಾಸ್ತಿ, ಸೂಟು ಬೂಟಿನವರು ಜಾಸ್ತಿ, ಡರ್ಬಿ ಓಟ ಮಾತ್ರ ಒಂದೇ, 29 ಸೆಕೆಂಡು, ಜೊತೆಗಿರೋದೆಲ್ಲ ಬೇರೆ ರೇಸ್‌ಗಳು. ಕ್ವಾರ್ಟರ್ ಫೈನಲ್ ರಾತ್ರಿ ಡರ್ಬಿ ನಾಯಿಗಳದ್ದೇ ನಾಲ್ಕು ಓಟ ಸಿಗುತ್ತೆ, ಪ್ರತೀದರಲ್ಲೂ ಮೂರನೇ ಜಾಗಕ್ಕೆ ಕಿತ್ತಾಟ, ಕಣ್ಣು ಮೊದಲನೇ ನಾಯಿ ಮೇಲೆ ಇಡದೆ ಮೂರು ನಾಲ್ಕನೇ ನಾಯಿ ಮೇಲೆ ಇಡಿ. ಫೋಟೋ ಫಿನಿಶ್ ಆದ್ರೆ ಸ್ಕ್ರೀನ್ ಕಡೆ ನೋಡ್ಬೇಡಿ, ಆ ಎರಡು ನಾಯಿ ಹಿಡ್ಕೊಂಡು ಬರೋ ಹುಡುಗರ ಮುಖ ನೋಡಿ. ನಿಲ್ಲೋಕೆ ಗೆಲ್ಲೋ ಗೆರೆ ಹತ್ತಿರ ಜಾಗ ಹುಡುಕ್ಬೇಡಿ, ಎಲ್ಲರೂ ಅಲ್ಲೇ ಇರ್ತಾರೆ, ಮೊದಲ ತಿರುವಿಗೆ ಎಷ್ಟು ಹತ್ತಿರ ಬಿಡ್ತಾರೋ ಅಷ್ಟು ಹತ್ತಿರ ಹೋಗಿ. ಸ್ವೆಟರ್ ಇಟ್ಕೊಳ್ಳಿ, ಜೂನ್ ಅಂದ್ರೂ ರಾತ್ರಿ ಒಂಬತ್ತಾದ್ಮೇಲೆ ಅಲ್ಲಿ ಚಳಿ, ಮತ್ತೆ ಅಣ್ಣನಿಗೆ ಕಾರ್ ತರೋಕೆ ಹೇಳಿ, ಆ ಊರಲ್ಲಿ ರೈಲ್ವೆ ಸ್ಟೇಷನ್ ಇಲ್ಲ.